ಒಳಪೆಟ್ಟು ಅಂತ ಸುಮ್ಮನಿದ್ದೆವು, ಗುಲ್ಮ ಒಡೆದಿತ್ತು. ಆಪರೇಷನ್ ಆಯ್ತು, ಮುಂದೇನು?

ತೋಟದಮನೆ
ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಡಿಕೆ ರೇಟು, ಕೊಳೆರೋಗ ಅಂತ ಬರೆದುಕೊಂಡಿರುವವನು ನಾನು. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಇದೆ.

ನನ್ನ ತಮ್ಮನಿಗೆ 34 ವರ್ಷ. ಹೋದ ತಿಂಗಳು ಡೈರಿಗೆ ಹಾಲು ಹಾಕಿ ಬೈಕಿನಲ್ಲಿ ವಾಪಸ್ ಬರುತ್ತಿದ್ದಾಗ ತಿರುವಿನಲ್ಲಿ ನಾಯಿ ಅಡ್ಡ ಬಂತು. ಸ್ಪೀಡ್ ಏನೂ ಇರಲಿಲ್ಲ. ಬ್ರೇಕ್ ಹಿಡಿದ, ಜಲ್ಲಿ ಮೇಲೆ ಗಾಡಿ ಜಾರಿತು, ಹ್ಯಾಂಡಲ್ ತಿರುಗಿ ಅದರ ತುದಿ ಎಡಗಡೆ ಪಕ್ಕೆಯ ಕೆಳಗೆ ಗುದ್ದಿತು. ಎದ್ದು ತಾನೇ ಬೈಕ್ ಓಡಿಸಿಕೊಂಡು ಮನೆಗೆ ಬಂದ. ಅಂಗಿ ಎತ್ತಿ ನೋಡಿದರೆ ಹ್ಯಾಂಡಲ್ ಗ್ರಿಪ್ಪಿನ ರಬ್ಬರ್ ಗುರುತು ದುಂಡಗೆ, ಸೀಲು ಒತ್ತಿದ ಹಾಗೆ ಮೂಡಿತ್ತು. ರಕ್ತ ಇಲ್ಲ, ಗಾಯ ಇಲ್ಲ. ನಾಯಿಗೂ ಏನೂ ಆಗಲಿಲ್ಲವಂತೆ.

ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದು, ಪಕ್ಕೆಲುಬು ಮುರಿದಿಲ್ಲ, ಬರೀ ಒಳಪೆಟ್ಟು ಅಂದರು. ನೋವಿಗೆ ಒಂದು ಇಂಜೆಕ್ಷನ್, ಐದು ದಿನಕ್ಕೆ ಮಾತ್ರೆ.

ಎರಡು ದಿನ ಚೆನ್ನಾಗೇ ಇದ್ದ. ಮೂರನೇ ದಿನ ಎಡ ಹೆಗಲು ನೋವು ಅಂದ. ಪೆಟ್ಟು ಬಿದ್ದಿದ್ದು ಹೊಟ್ಟೆಗೆ, ನೋವು ಹೆಗಲಿಗೆ! ಹಾಲು ಕರೆದೂ ಕರೆದೂ ಹಿಡಿದುಕೊಂಡಿರಬೇಕು ಅಂತ ಅಮ್ಮ ಎಣ್ಣೆ ಬಿಸಿ ಮಾಡಿ ಹಚ್ಚಿದರು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಮ್ಮಿ. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಅಂತ ತಟ್ಟೆ ಸರಿಸುತ್ತಿದ್ದ. ಐದನೇ ದಿನ ಬೆಳಗಿನ ಜಾವ ಬಚ್ಚಲಿಗೆ ಹೋದವನು ಅಲ್ಲೇ ಕುಸಿದ. ಮುಖ ಸುಣ್ಣದ ಹಾಗೆ, ಮೈಯೆಲ್ಲ ತಣ್ಣನೆ ಬೆವರು. 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆ ತಲುಪುವುದಕ್ಕೆ ಒಂದೂವರೆ ಗಂಟೆ ಆಯ್ತು. ಅಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಹೊಟ್ಟೆ ತುಂಬ ರಕ್ತ ಇದೆ, ಸ್ಪ್ಲೀನ್ ಒಡೆದಿದೆ, ಈಗಲೇ ತೆಗೆಯಬೇಕು, ಸಹಿ ಹಾಕಿ ಅಂದರು. ಸ್ಪ್ಲೀನ್ ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಸಹಿ ಹಾಕಿದೆ. ನಾಲ್ಕು ಬಾಟಲಿ ರಕ್ತ ಕೊಟ್ಟರು.

ಆಪರೇಷನ್ ಆಗಿ ಇವತ್ತಿಗೆ 11 ದಿನ. ಮನೆಗೆ ಬಂದಿದ್ದಾನೆ, ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದಾನೆ. ಡಿಸ್ಚಾರ್ಜ್ ಪತ್ರದ ಕೊನೆಯಲ್ಲಿ ‘ಲಸಿಕೆ ಹಾಕಿಸುವುದು’ ಅಂತ ಒಂದೇ ಸಾಲು. ಯಾವ ಲಸಿಕೆ, ಯಾವಾಗ, ಯಾಕೆ, ಏನೂ ಇಲ್ಲ. ನಿನ್ನೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 7 ಲಕ್ಷ ಅಂತ ಬಂದಿದೆ. ಡೆಂಗ್ಯೂ ಕಾಲದಲ್ಲಿ ಕಮ್ಮಿ ಆಯ್ತು ಅಂತ ಹೆದರುತ್ತಿದ್ದೆವು, ಈಗ ಇದೇನು ಜಾಸ್ತಿ?

ಇನ್ನೊಂದು ಮಾತು ರಾತ್ರಿ ನಿದ್ದೆ ಕೊಡ್ತಾ ಇಲ್ಲ. ಮೂರನೇ ದಿನವೇ ಕರೆದುಕೊಂಡು ಹೋಗಿದ್ದರೆ ಆ ಅಂಗ ಉಳಿಯುತ್ತಿತ್ತಾ? ಗೊತ್ತಿದ್ದವರು ಹೇಳಿ.


ಹಳೇ ಸ್ಟೆತ್
ಸೋಮವಾರ ರಾತ್ರಿ 11:05

ತಮ್ಮ ಉಳಿದನಲ್ಲ, ಮೊದಲು ಅದಕ್ಕೆ ಸಮಾಧಾನ ಮಾಡಿಕೊಳ್ಳಿ. ನಾನು ತಾಲೂಕು ಆಸ್ಪತ್ರೆಗಳಲ್ಲಿ ಸರ್ಜನ್ ಆಗಿದ್ದು ನಿವೃತ್ತಿ ಆದವನು. ಇಂಥ ಹೊಟ್ಟೆ ಬಹಳ ತೆರೆದಿದ್ದೇನೆ. ಇಲ್ಲಿ ಬರೆಯುವುದು ತಿಳಿವಳಿಕೆಗೆ ಮಾತ್ರ. ತಮ್ಮನ ವಿಷಯದಲ್ಲಿ ಅವನನ್ನು ನೋಡಿದ ಡಾಕ್ಟರ ಮಾತೇ ಮಾತು.

ಸ್ಪ್ಲೀನ್ ಅಂದರೆ ಗುಲ್ಮವೇ. ಅದು ಇರುವುದು ಎಡಗಡೆ, 9ರಿಂದ 11ನೇ ಪಕ್ಕೆಲುಬಿನ ಮರೆಯಲ್ಲಿ. ಮುಷ್ಟಿಯಷ್ಟು ದೊಡ್ಡದು, ನೇರಳೆ ಬಣ್ಣ, ತೂಕ 150ರಿಂದ 200 ಗ್ರಾಂ. ಅಷ್ಟು ಸಣ್ಣದಾದರೂ ನಿಮಿಷಕ್ಕೆ ಹೆಚ್ಚುಕಮ್ಮಿ ಕಾಲು ಲೀಟರ್ ರಕ್ತ ಅದರೊಳಗೆ ಹಾದು ಹೋಗುತ್ತದೆ. ಹಳೆಯ ರಕ್ತಕಣಗಳನ್ನು ಸೋಸುವುದು, ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ಹಿಡಿದು ಹಾಕುವುದು ಅದರ ಕೆಲಸ. ಹೊರಗಿನ ಪೊರೆ ಬಹಳ ತೆಳು. ಒಳಗಿನದು ಎಷ್ಟು ಮೆತ್ತಗೆ ಅಂದರೆ, ಹರಿದಿದ್ದಕ್ಕೆ ಹೊಲಿಗೆ ಹಾಕುವುದು ಹಾಲುಬಾಯಿಗೆ ಹೊಲಿಗೆ ಹಾಕಿದ ಹಾಗೆ. ದಾರ ಬಿಗಿದರೆ ಅಲ್ಲೇ ಕತ್ತರಿಸಿಕೊಂಡು ಬರುತ್ತದೆ.

ಐದು ದಿನ ಯಾಕೆ ತಡವಾಯಿತು ಅನ್ನುತ್ತೀರಿ. ಕೆಲವರಲ್ಲಿ ಪೆಟ್ಟಿಗೆ ಒಳಗಿನ ತಿರುಳು ಹರಿಯುತ್ತದೆ, ಮೇಲಿನ ಪೊರೆ ಹಾಗೇ ಉಳಿಯುತ್ತದೆ. ರಕ್ತ ಪೊರೆಯ ಕೆಳಗೇ ಸೇರಿ ಹೆಪ್ಪುಗಟ್ಟುತ್ತದೆ. ದಿನ ಕಳೆದ ಹಾಗೆ ಅದು ಉಬ್ಬುತ್ತದೆ, ಒಂದು ಹೊತ್ತಿನಲ್ಲಿ ಪೊರೆಯೂ ಒಡೆಯುತ್ತದೆ. ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಆಗಬಹುದು. ಏನೂ ಮಾಡದೆ ಮಲಗಿದ್ದಾಗಲೂ ಆಗಬಹುದು. ಎರಡು ದಿನಕ್ಕೆ ಒಡೆದವರೂ ಇದ್ದಾರೆ, ಎರಡು ವಾರಕ್ಕೆ ಒಡೆದವರೂ ಇದ್ದಾರೆ. ಎರಡು ತುತ್ತಿಗೆ ಹೊಟ್ಟೆ ತುಂಬಿದ್ದು ಯಾಕೆ ಅಂದರೆ, ಪಕ್ಕದಲ್ಲೇ ಇರುವ ಜಠರವನ್ನು ಆ ಹೆಪ್ಪು ಒತ್ತುತ್ತಿತ್ತು.

ಇನ್ನು ಹೆಗಲು. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆಗೆ ವಪೆ ಅನ್ನುತ್ತೇವೆ. ರಕ್ತ ಸೋರಿ ವಪೆಯ ಕೆಳಗೆ ನಿಂತರೆ ವಪೆ ಕೆರಳುತ್ತದೆ. ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ. ಹೆಗಲಿನ ಚರ್ಮದ ನರವೂ ಅಲ್ಲಿಂದಲೇ ಬರುತ್ತದೆ. ಮಿದುಳಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಹೆಗಲು ನೋವು ಅಂತಲೇ ಓದಿಕೊಳ್ಳುತ್ತದೆ. ಮಲಗಿದಾಗ ರಕ್ತ ಮೇಲಕ್ಕೆ ಹರಿದು ವಪೆಗೆ ತಾಗುತ್ತದೆ, ಅದಕ್ಕೇ ಆಗ ನೋವು ಜಾಸ್ತಿ. ಹಾನ್ಸ್ ಕೇರ್ ಅಂತ ಜರ್ಮನಿಯ ಸರ್ಜನ್ ಇದ್ದರು, ಅವರ ಹೆಸರಿನಲ್ಲೇ ಈ ಲಕ್ಷಣವನ್ನು ಕರೆಯುತ್ತೇವೆ. ನಿಮ್ಮ ಅಮ್ಮ ಎಣ್ಣೆ ಹಚ್ಚಿದ್ದರಲ್ಲಿ ತಪ್ಪೇನಿಲ್ಲ. ಹೆಗಲಿಗೆ ತಾನೇ ಹಚ್ಚಿದ್ದು.

ಮೂರನೇ ದಿನ ಹೋಗಿದ್ದರೆ ಉಳಿಯುತ್ತಿತ್ತಾ ಅಂದರೆ, ಉಳಿಯಬಹುದಿತ್ತು. ಖಂಡಿತ ಅನ್ನಲಾರೆ. ಆ ದಿನ ಸಿಟಿ ಸ್ಕ್ಯಾನ್‌ನಲ್ಲಿ ಪೊರೆ ಕೆಳಗಿನ ಹೆಪ್ಪು ಕಾಣುತ್ತಿತ್ತು, ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಆದರೆ ಕುಸಿದು ಬಿದ್ದ ಮೇಲೆ ತೆಗೆದಿದ್ದು ಸರಿಯಾದ ಕೆಲಸ. ಆಗ ಅಂಗ ಉಳಿಸುತ್ತೇನೆ ಅಂತ ಕೂತರೆ ಮನುಷ್ಯ ಹೋಗುತ್ತಾನೆ.

ಲಸಿಕೆ ವಿಷಯ ನಾಳೆ ಬರೆಯುತ್ತೇನೆ, ಕಣ್ಣು ಎಳೆಯುತ್ತಿದೆ. ಅಲ್ಲಿಯವರೆಗೆ ಒಂದೇ ಮಾತು: ಜ್ವರ ಬಂದರೆ ನನ್ನ ಉತ್ತರಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.


ಹಳ್ಳಿಮದ್ದು
ಮಂಗಳವಾರ ಬೆಳಗ್ಗೆ 6:20

ಒಳಪೆಟ್ಟಿಗೆ ನಮ್ಮ ಕಡೆ ಸೊಪ್ಪಿನ ರಸ ಕುಡಿಸಿ, ಎಣ್ಣೆ ಹಾಕಿ ನೀವಿ ಮೂರು ದಿನದಲ್ಲಿ ಎಬ್ಬಿಸಿ ಕೂರಿಸುತ್ತಾರೆ. ಈಗಿನವರಿಗೆ ಹೊಟ್ಟೆ ಕೊಯ್ಯದಿದ್ದರೆ ಬಿಲ್ಲೇ ಆಗೋದಿಲ್ಲ. ಇದ್ದ ಅಂಗ ತೆಗೆದು ಬಿಸಾಕಿ, ಈಗ ಜೀವನಪೂರ್ತಿ ಸೂಜಿ ಚುಚ್ಚಿಸಿಕೊ ಅಂತಾರೆ.


ನೈಟ್ ಡ್ಯೂಟಿ
ಮಂಗಳವಾರ ಬೆಳಗ್ಗೆ 8:15

ರಾತ್ರಿ ಪಾಳಿ ಮುಗಿಸಿ ಈಗ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಐಸಿಯು ಸ್ಟಾಫ್ ನರ್ಸ್ ನಾನು.

ಹಳ್ಳಿಮದ್ದು ಅಣ್ಣಾ, ಕಾಲು ಉಳುಕಿಗೆ ನೀವಿಸಿಕೊಳ್ಳಿ, ಜಗಳ ಇಲ್ಲ. ಪೆಟ್ಟು ಬಿದ್ದ ಹೊಟ್ಟೆಯನ್ನು ಮಾತ್ರ ಯಾರಿಗೂ ನೀವುವುದಕ್ಕೆ ಕೊಡಬೇಡಿ. ಪೊರೆ ಕೆಳಗೆ ಹೆಪ್ಪು ನಿಂತಿರುತ್ತೆ ಅಂತ ಡಾಕ್ಟರು ಮೇಲೆ ಬರೆದಿದ್ದಾರಲ್ಲ. ಅದರ ಮೇಲೆ ಅಂಗೈ ಹಾಕಿ ಒತ್ತಿದರೆ ಏನಾಗುತ್ತೆ, ನೀವೇ ಹೇಳಿ. ಪಕ್ಕೆ ಹತ್ತಿರ ಎಣ್ಣೆಯ ವಾಸನೆ ಇರುವ ಪೇಷಂಟ್‌ಗಳನ್ನು ನಾನೇ ರಿಸೀವ್ ಮಾಡಿದ್ದೇನೆ.

ತೋಟದಮನೆ ಸರ್, ನೀವು ಕೇಳದೇ ಇದ್ದರೂ ಒಂದು ಹೇಳುತ್ತೇನೆ. ಒಡೆದರೆ ಎಲ್ಲರಿಗೂ ತೆಗೆಯುವುದಿಲ್ಲ. ನಮ್ಮಲ್ಲಿ ಬರುವವರಲ್ಲಿ ಬಿಪಿ, ನಾಡಿ ಸರಿ ಇದ್ದವರನ್ನು ಸುಮ್ನೆ ಮಲಗಿಸಿ ಕಾಯುವುದೇ ಜಾಸ್ತಿ. ಸುಮ್ನೆ ಅಂದರೆ ನಮಗೆ ಸುಮ್ನೆ ಅಲ್ಲ! ಮೊದಲ ದಿನ ಗಂಟೆಗೊಮ್ಮೆ ನಾಡಿ, ಬಿಪಿ. ಆರು ಗಂಟೆಗೊಮ್ಮೆ ರಕ್ತ ತೆಗೆದು ಹಿಮೋಗ್ಲೋಬಿನ್. ಹೊಟ್ಟೆ ಗಟ್ಟಿ ಆಯ್ತಾ ಅಂತ ಮುಟ್ಟಿ ನೋಡುವುದು. ಬಿಪಿ ಬೀಳುವುದು ತಡವಾಗಿ, ಅದಕ್ಕಿಂತ ಮೊದಲು ನಾಡಿ ಓಡೋಕೆ ಶುರುವಾಗುತ್ತೆ. 84 ಇದ್ದದ್ದು 96, 110 ಅಂತ ಏರಿದರೆ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸುತ್ತೇವೆ, ಬೈಸಿಕೊಂಡರೂ ಪರವಾಗಿಲ್ಲ.


ಇಬ್ಬರ ಅಮ್ಮ
ಮಂಗಳವಾರ ಬೆಳಗ್ಗೆ 10:50

ಸಿಸ್ಟರ್ ಹೇಳಿದ ‘ಮಲಗಿಸಿ ಕಾಯೋದು’ ನಮ್ಮ ಮನೆಯಲ್ಲೇ ಆಗಿದೆ. ನನ್ನ ದೊಡ್ಡ ಮಗನಿಗೆ ಆಗ 9 ವರ್ಷ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದು ಗೋಡೆಗೆ ಗುದ್ದಿದ. ಅವನಿಗೂ ಅದೇ ಹ್ಯಾಂಡಲ್ ತುದಿ, ಅದೇ ಎಡ ಪಕ್ಕೆ! ನಮ್ಮ ಸೈಕಲ್‌ನಲ್ಲಿ ರಬ್ಬರ್ ಗ್ರಿಪ್ ಹರಿದು ಬರೀ ಪೈಪ್ ಇತ್ತು. ಹತ್ತು ಸಲ ನೋಡಿದ್ದೆ, ಬದಲಾಯಿಸಿರಲಿಲ್ಲ.

ಸಂಜೆ ವಾಂತಿ ಮಾಡಿದ ಅಂತ ಕರೆದುಕೊಂಡು ಹೋದೆವು. ಸಿಟಿ ಸ್ಕ್ಯಾನ್‌ನಲ್ಲಿ ಗುಲ್ಮ ಹರಿದದ್ದು ಕಂಡಿತು, ಐದರವರೆಗಿನ ಅಳತೆಯಲ್ಲಿ ಗ್ರೇಡ್ 3. ನಾನು ಅಲ್ಲೇ ಅಳೋಕೆ ಶುರು ಮಾಡಿದೆ. ಮಕ್ಕಳ ಸರ್ಜನ್ ಬಂದು ಕುರ್ಚಿ ಎಳೆದು ಕೂತು, ಅಮ್ಮ, ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಇದು ಆಪರೇಷನ್ ಇಲ್ಲದೆ ತಾನಾಗಿ ಕೂಡಿಕೊಳ್ಳುತ್ತೆ, ಗ್ರೇಡ್‌ಗಿಂತ ಅವನ ನಾಡಿ ನೋಡಿ ನಾವು ತೀರ್ಮಾನ ಮಾಡ್ತೀವಿ ಅಂದರು. ಹಿಮೋಗ್ಲೋಬಿನ್ 11.8 ಇದ್ದದ್ದು 9.6ಕ್ಕೆ ಇಳಿದು ಅಲ್ಲೇ ನಿಂತಿತು. ರಕ್ತ ಕೊಡಲಿಲ್ಲ, ಚಾಕು ಹಾಕಲಿಲ್ಲ.

ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ಗ್ರೇಡ್ ಎಷ್ಟೋ ಅದಕ್ಕೆ ಎರಡು ಕೂಡಿಸಿ ಅಷ್ಟು ವಾರ ಆಟ ಇಲ್ಲ ಅಂದಿದ್ದರು. ನಮಗೆ ಐದು ವಾರ. ನೋವು ಹೋದ ಮೇಲೆ 9 ವರ್ಷದ ಹುಡುಗನನ್ನು ಓಡಬೇಡ ಅಂತ ಹಿಡಿಯುವುದು ಹೇಗೆ? ಸೋಫಾ ಮೇಲಿಂದ ಜಿಗಿಯುತ್ತಿದ್ದ. ಕೊನೆಗೆ ಅವನ ತಂಗಿಯನ್ನೇ ಕಾವಲಿಗೆ ಹಾಕಿದೆ. ಅವಳು ದಿನಾ ಬೆಳಗ್ಗೆ, ಅಣ್ಣಾ ನಿನ್ನ ಗುಲ್ಮ ಅಂಟಿತಾ, ಅಂತ ಕೇಳುತ್ತಿದ್ದಳು. ಈಗ ಅವನಿಗೆ 14. ಫುಟ್‌ಬಾಲ್ ಆಡುತ್ತಾನೆ.


ಹಳೇ ಸ್ಟೆತ್
ಮಂಗಳವಾರ ಮಧ್ಯಾಹ್ನ 12:30

ಅಮ್ಮನವರು ಬರೆದಿದ್ದು ಓದಿ ಖುಷಿಯಾಯಿತು. ನಾವು ಓದುವಾಗ ಇದಕ್ಕೆ ಒಂದೇ ಪಾಠ: ಗುಲ್ಮ ಒಡೆದರೆ ತೆಗೆ. ಅದೊಂದು ಬೇಡದ ಅಂಗ, ಇಲ್ಲದಿದ್ದರೂ ನಡೆಯುತ್ತದೆ ಅಂತಲೇ ನಂಬಿದ್ದರು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಅನ್ನುವವರು ಗುಲ್ಮ ತೆಗೆದ ಐದು ಹಸುಗೂಸುಗಳಿಗೆ ಆಮೇಲೆ ಭಾರಿ ಸೋಂಕು ತಗುಲಿದ್ದನ್ನು ಬರೆದರು. ಆಗ ಜನ ಸ್ವಲ್ಪ ಎಚ್ಚೆತ್ತರು. 1968ರಲ್ಲಿ ಟೊರೊಂಟೊದ ಮಕ್ಕಳ ಆಸ್ಪತ್ರೆಯ ಅನುಭವ ಇಟ್ಟುಕೊಂಡು ಉಪಾಧ್ಯಾಯ ಮತ್ತು ಸಿಂಪ್ಸನ್ ಒಂದು ಲೇಖನ ಬರೆದರು, ಒಡೆದ ಗುಲ್ಮವೂ ತಾನಾಗಿ ಮಾಗುತ್ತದೆ ಅಂತ. ಆ ಉಪಾಧ್ಯಾಯರು ನಮ್ಮ ದೇಶದವರೇ, ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆ ಕಟ್ಟಿದವರು. ಮಕ್ಕಳಲ್ಲಿ ಆದದ್ದು ದೊಡ್ಡವರಲ್ಲಿ ಯಾಕೆ ಆಗಬಾರದು ಅಂತ ನಿಧಾನವಾಗಿ ದೊಡ್ಡವರಿಗೂ ಬಂತು. ನನ್ನ ಕೈಯಿಂದಲೇ ತೆಗೆದ ಕೆಲವು ಗುಲ್ಮಗಳನ್ನು ಇವತ್ತಾದರೆ ಉಳಿಸುತ್ತಿದ್ದೆನೋ ಏನೋ. ಆದರೆ ನನ್ನ ಆಸ್ಪತ್ರೆಯಲ್ಲಿ ಸಿಟಿ ಇರಲಿಲ್ಲ, ರಕ್ತನಿಧಿ ಇರಲಿಲ್ಲ. ರಾತ್ರಿಯೆಲ್ಲ ಕಾದು ನೋಡುವುದು ಅನ್ನುವುದು ಅವೆರಡೂ ಇದ್ದ ಕಡೆ ಮಾತ್ರ ಮಾಡುವ ಕೆಲಸ.

ನಡುವೆ ಇನ್ನೊಂದು ದಾರಿಯೂ ಇದೆ. ಸಿಟಿಯಲ್ಲಿ ರಕ್ತ ಇನ್ನೂ ಸೋರುವುದು ಕಂಡು, ಪೇಷಂಟ್ ಗಟ್ಟಿಯಾಗಿದ್ದರೆ, ತೊಡೆಸಂದಿಯ ರಕ್ತನಾಳದಿಂದ ತೆಳುವಾದ ನಳಿಕೆ ತೂರಿಸಿ ಗುಲ್ಮದ ನಾಳದವರೆಗೆ ಹೋಗಿ ಅಲ್ಲಿ ಸಣ್ಣ ಲೋಹದ ಸುರುಳಿ ಬಿಡುತ್ತಾರೆ. ರಕ್ತದ ಒತ್ತಡ ಇಳಿದು ಸೋರುವುದು ನಿಲ್ಲುತ್ತದೆ, ಗುಲ್ಮ ಪೂರ್ತಿ ಸಾಯುವುದಿಲ್ಲ. ದೊಡ್ಡ ಊರುಗಳಲ್ಲಿ ಇದು ಸಿಗುತ್ತದೆ.

ಹಳ್ಳಿಮದ್ದು ಅವರೇ, ಕೊಯ್ದರೇ ಬಿಲ್ಲು ಅನ್ನುವ ಮಾತಿಗೆ ನನ್ನ ಹತ್ತಿರ ಇಷ್ಟೇ ಉತ್ತರ. ಇವತ್ತು ಒಳ್ಳೆಯ ಸರ್ಜನ್ ಅನ್ನಿಸಿಕೊಳ್ಳುವುದು ಗುಲ್ಮ ತೆಗೆಯದೆ ಉಳಿಸಿದವನು. ತೋಟದಮನೆಯವರ ತಮ್ಮ ಕುಸಿದು ಬಿದ್ದಿದ್ದ, ಬೇರೆ ದಾರಿಯೇ ಇರಲಿಲ್ಲ.


ಕುಡ್ಲದ ಮಳೆ
ಮಂಗಳವಾರ ಸಂಜೆ 5:10

ಪೆಟ್ಟೇ ಬೀಳದೆ ಒಡೆಯುವುದೂ ಉಂಟು ಮಾರಾಯ್ರೆ. ನಮ್ಮ ಮಂಗಳೂರಿನಲ್ಲಿ ಮಲೇರಿಯಾ ಕಾಣದ ಮನೆಯೇ ಕಮ್ಮಿ ಇದ್ದ ಕಾಲ ಒಂದಿತ್ತು. ನನಗೂ ಎರಡು ಸಲ ಬಂದಿದೆ, ವೈವ್ಯಾಕ್ಸ್ ಅನ್ನುವ ಬಗೆಯದು. ಎರಡನೇ ಸಲ ಸ್ಕ್ಯಾನ್ ಮಾಡಿದ ಡಾಕ್ಟರು, ನಿನ್ನ ಗುಲ್ಮ ಉಬ್ಬಿದೆ, ಆರು ವಾರ ಕಬಡ್ಡಿ ಬಿಡು ಅಂದರು. ಜ್ವರ ಬಿಟ್ಟ ಮೇಲೂ ಯಾಕೆ ಅಂತ ಕೇಳಿದೆ. ಉಬ್ಬಿದಾಗ ಅದು ಪಕ್ಕೆಲುಬಿನ ಮರೆಯಿಂದ ಕೆಳಗೆ ಇಳಿದಿರುತ್ತೆ, ಪೊರೆ ಬಿಗಿದಿರುತ್ತೆ, ಒಬ್ಬ ಮೇಲೆ ಬಿದ್ದರೆ ಸಾಕು ಅಂದರು. ನನ್ನ ಅಜ್ಜಿ ಇದಕ್ಕೆ ಜ್ವರಗಡ್ಡೆ ಅಂತಿದ್ದರು. ಎಡಗಡೆ ಹೊಟ್ಟೆ ಮುಟ್ಟಿ ನೋಡಿ, ಗಡ್ಡೆ ಇಳಿದಿಲ್ಲ ಇನ್ನೂ, ಶಾಲೆಗೆ ಕಳಿಸಬೇಡ ಅನ್ನುತ್ತಿದ್ದರಂತೆ. ಡಾಕ್ಟರು ಹೇಳಿದ್ದೂ ಅಜ್ಜಿ ಹೇಳಿದ್ದೂ ಒಂದೇ ಆಯ್ತಲ್ಲ.


ಮಿಶಿಗನ್ ಮಾವ
ಮಂಗಳವಾರ ರಾತ್ರಿ 8:00

ಇಲ್ಲಿ ಮಲೇರಿಯಾ ಇಲ್ಲ, ಅದರ ಜಾಗದಲ್ಲಿ ಮೋನೊ ಅಂತ ಇದೆ. ಕಾಲೇಜು ಹುಡುಗರಿಗೆ ಬರುತ್ತೆ. ಎಂಜಲಿನಿಂದ ಹರಡುವ ವೈರಸ್. ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ವಾರಗಟ್ಟಲೆ ಸುಸ್ತು. ಅದರಲ್ಲೂ ಗುಲ್ಮ ಉಬ್ಬುತ್ತೆ. ಒಡೆಯುವುದು ಅಪರೂಪ, ಆದರೂ ಕನಿಷ್ಠ ಮೂರು ವಾರ ಮೈಗೆ ಮೈ ತಾಗುವ ಆಟ ಬೇಡ ಅಂತ ಡಾಕ್ಟರು ಬರೆದು ಕೊಡುತ್ತಾರೆ. ನನ್ನ ಮಗ ಕುಸ್ತಿ ತಂಡದಲ್ಲಿದ್ದಾನೆ. ಪತ್ರ ನೋಡಿ ಕೋಚ್ ಅವನನ್ನು ಮ್ಯಾಟ್ ಹತ್ತಿರವೂ ಬಿಡಲಿಲ್ಲ. ಮಗನ ಸಿಟ್ಟು ಮಾತ್ರ ನನ್ನ ಮೇಲೆ.


ಹಳೇ ಕಡತ
ಮಂಗಳವಾರ ರಾತ್ರಿ 10:25

ವಿಷಯ ಸ್ವಲ್ಪ ಅಡ್ಡದಾರಿಗೆ ಹೋಗುತ್ತೆ, ಕ್ಷಮಿಸಿ. ಕುಡ್ಲದವರ ‘ಒಬ್ಬ ಮೇಲೆ ಬಿದ್ದರೆ ಸಾಕು’ ಓದಿ ನೆನಪಾಯಿತು.

ಬ್ರಿಟಿಷರ ಕಾಲದ ಕೋರ್ಟು ಕಡತಗಳಲ್ಲಿ ಈ ಗುಲ್ಮ ಮತ್ತೆ ಮತ್ತೆ ಬರುತ್ತದೆ. ದೊರೆ ಆಳಿಗೆ ಒದೆಯುತ್ತಾನೆ, ಇಲ್ಲವೇ ಗುದ್ದುತ್ತಾನೆ. ಆಳು ಸಾಯುತ್ತಾನೆ. ಮರಣೋತ್ತರ ಪರೀಕ್ಷೆಯಲ್ಲಿ ಗುಲ್ಮ ಒಡೆದಿದೆ ಅಂತ ಬರುತ್ತದೆ. ಆಗ ದೊರೆಯ ವಕೀಲ, ಇವನ ಗುಲ್ಮ ಮಲೇರಿಯಾದಿಂದ ಮೊದಲೇ ಉಬ್ಬಿತ್ತು, ನಮ್ಮ ಕಕ್ಷಿದಾರ ಕೊಟ್ಟಿದ್ದು ಸಣ್ಣ ಏಟು ಅನ್ನುತ್ತಾನೆ. ಅಲ್ಲಿಗೆ ಕೊಲೆ ಹೋಗಿ ಹಲ್ಲೆ ಆಗುತ್ತದೆ.

ಬಹಳ ಹೆಸರಾದದ್ದು ಆಗ್ರಾದ ಫುಲ್ಲರ್ ಕೇಸು. ಫುಲ್ಲರ್ ಇಂಗ್ಲಿಷ್ ವಕೀಲ. ಭಾನುವಾರ ಚರ್ಚಿಗೆ ಹೊರಟಾಗ ಗಾಡಿ ತಡವಾಯಿತು ಅಂತ ಕುದುರೆ ನೋಡಿಕೊಳ್ಳುವ ಕಟ್ವಾರು ಅನ್ನುವವನಿಗೆ ಹೊಡೆದ. ಅವನು ಅಲ್ಲಿಂದ ಎದ್ದು ಹೋಗಿ ಸ್ವಲ್ಪ ಹೊತ್ತಿನಲ್ಲಿ ಸತ್ತ. ಕಾರಣ, ಒಡೆದ ಗುಲ್ಮ. ಮ್ಯಾಜಿಸ್ಟ್ರೇಟ್ ಹಾಕಿದ ದಂಡ 30 ರೂಪಾಯಿ. 1876ರಲ್ಲಿ ವೈಸ್‌ರಾಯ್ ಲಿಟ್ಟನ್‌ಗೇ ಇದು ಅತಿಯಾಯಿತು ಅನ್ನಿಸಿ ಆ ತೀರ್ಪನ್ನು ಬರಹದಲ್ಲೇ ಖಂಡಿಸಿದ. ಇಲ್ಲಿದ್ದ ಇಂಗ್ಲಿಷರ ಪತ್ರಿಕೆಗಳು ಲಿಟ್ಟನ್ ಮೇಲೇ ಹರಿಹಾಯ್ದವು.

ಆ ಗುಲ್ಮ ಉಬ್ಬಿತ್ತು ಅನ್ನುವುದು ವೈದ್ಯಕೀಯವಾಗಿ ನಿಜವೇ ಇರಬಹುದು. ಆದರೆ ಊರಿಗೆಲ್ಲ ಮಲೇರಿಯಾ ಇದೆ ಅಂತ ಗೊತ್ತಿದ್ದೂ ಹೊಟ್ಟೆಗೆ ಒದ್ದವನಿಗೆ ಅದು ರಕ್ಷಣೆ ಹೇಗಾಗುತ್ತೆ? ಆ 30 ರೂಪಾಯಿ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.


ಸುಮ್ನೆ ಓದ್ತೀನಿ
ಮಂಗಳವಾರ ರಾತ್ರಿ 11:40

ಇಷ್ಟು ವರ್ಷ ಓದಿಕೊಂಡು ಮಾತ್ರ ಇದ್ದೆ, ಇವತ್ತು ಬರೆಯಬೇಕು ಅನ್ನಿಸಿತು. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದ ಕೊನೆಗೌಡ ಮರದಿಂದ ಬಿದ್ದಿದ್ದ. ಪೂರ್ತಿ ಮೇಲಿಂದಲೂ ಅಲ್ಲ, ಇಳಿಯುವಾಗ ಕಾಲಿಗೆ ಹಾಕುವ ತಳೆ ಜಾರಿ ಎರಡಾಳು ಎತ್ತರದಿಂದ ಬಸಿಗಾಲುವೆಯ ಅಂಚಿಗೆ ಎಡ ಮಗ್ಗುಲಾಗಿ. ಎದ್ದು ಕೂತು ನೀರು ಕುಡಿದ. ಏನಾಗಿಲ್ಲ ಬಿಡಿ ಒಡೆಯ ಅಂದ. ಅಪ್ಪ ಆಸ್ಪತ್ರೆಗೆ ಹೋಗೋಣ ಅಂದರೆ ಒಪ್ಪಲಿಲ್ಲ. ಅವನ ಕೂಲಿ, ಇನ್ನೊಂದು ನೂರು ರೂಪಾಯಿ ಕೊಟ್ಟು ಮನೆಗೆ ಕಳಿಸಿದರು. ಎರಡನೇ ದಿನ ರಾತ್ರಿ ಹೋಗಿಬಿಟ್ಟ. ಆಗ ಎಲ್ಲರೂ ಹೃದಯಾಘಾತ ಅಂದರು. ಅವನ ಹೆಂಡತಿ ಮಾತ್ರ, ಹೆಗಲು ನೋವು ಅಂತ ಒದ್ದಾಡಿದ ಅಂತ ಹೇಳಿಕೊಂಡು ಅಳುತ್ತಿದ್ದಳು. ಎಡ ಹೆಗಲೋ ಬಲ ಹೆಗಲೋ, ಯಾರೂ ಕೇಳಲಿಲ್ಲ.

ಈಗ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ. ಅಪ್ಪ ದೋಟಿ ತರಿಸಿದ್ದು ಅದಾದ ಮೇಲೆ.


ಹಳ್ಳಿಮದ್ದು
ಬುಧವಾರ ಬೆಳಗ್ಗೆ 6:05

ಸಿಸ್ಟರ್ ಹೇಳಿದ್ದು ಹೊಟ್ಟೆ ಮಟ್ಟಿಗೆ ಒಪ್ತೀನಿ. ಉಳುಕಿಗೆ ನೀವಿಸೋದು ಬಿಡಲ್ಲ.

ಒಂದು ಸಂಶಯ. ಆಯುರ್ವೇದದಲ್ಲಿ ಗುಲ್ಮ ಅಂದರೆ ಹೊಟ್ಟೆಯ ಗಂಟಿನ ಕಾಯಿಲೆ. ಈ ಅಂಗಕ್ಕೆ ಪ್ಲೀಹ ಅಂತಾರೆ. ಇಲ್ಲಿ ಎಲ್ಲರೂ ಗುಲ್ಮ ಅಂತಿದ್ದೀರಲ್ಲ?


ಹಳೇ ಸ್ಟೆತ್
ಬುಧವಾರ ಬೆಳಗ್ಗೆ 9:00

ಸರಿಯಾಗಿ ಹಿಡಿದಿರಿ. ಆಯುರ್ವೇದದ ಮಾತು ನೀವು ಹೇಳಿದ್ದೇ. ಕನ್ನಡ ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಈ ಅಂಗಕ್ಕೆ ಗುಲ್ಮ ಅಂತ ಕೂತುಬಿಟ್ಟಿದೆ, ನಾನೂ ಅದನ್ನೇ ಓದಿ ಬಂದವನು. ನಾಟಿ ವೈದ್ಯರ ಹತ್ತಿರ ಹೋದವರು ಗುಲ್ಮ ಅಂದರೆ ಅವರು ಬೇರೆ ತಿಳಿದಾರು, ಅಷ್ಟೇ.

ಈಗ ಲಸಿಕೆ. ತೋಟದಮನೆಯವರೇ, ಇದನ್ನು ಕಾಗದಕ್ಕೆ ಇಳಿಸಿಕೊಳ್ಳಿ.

ಗುಲ್ಮ ಹಿಡಿದು ಹಾಕುತ್ತಿದ್ದ ಬ್ಯಾಕ್ಟೀರಿಯಾಗಳಲ್ಲಿ ಮೂರು ಮುಖ್ಯ. ಮೂರಕ್ಕೂ ಮೇಲೊಂದು ಜಾರುವ ಕವಚ ಇರುತ್ತದೆ. ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ). ಮೂರಕ್ಕೂ ಲಸಿಕೆ ಇದೆ. ತುರ್ತಾಗಿ ಆಪರೇಷನ್ ಆದವರಿಗೆ 14 ದಿನ ಕಳೆದ ಮೇಲೆ ಹಾಕಿದರೆ ಮೈ ಚೆನ್ನಾಗಿ ಸ್ಪಂದಿಸುತ್ತದೆ. ನಿಮಗೆ ಸೋಮವಾರಕ್ಕೆ 11 ಆಗಿತ್ತು, ಅಂದರೆ ನಾಳೆಗೆ 14. ತಡ ಮಾಡಬೇಡಿ. ನ್ಯೂಮೊಕಾಕಸ್‌ಗೆ ಬೇರೆ ಬೇರೆ ಬಗೆಯ ಲಸಿಕೆಗಳಿವೆ. ಮೊದಲು ಯಾವುದು ಹಾಕಿದರು ಅನ್ನುವುದರ ಮೇಲೆ, 8 ವಾರ ಬಿಟ್ಟು ಎರಡನೆಯದು ಬೇಕಾಗಬಹುದು. ಮೆನಿಂಗೊಕಾಕಸ್‌ದು 8 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ 5 ವರ್ಷಕ್ಕೊಮ್ಮೆ. ಹಿಬ್ ಒಂದು ಸಾಕು. ಫ್ಲೂ ಲಸಿಕೆ ಪ್ರತಿ ವರ್ಷ. ಹಾಕಿಸಿದ ದಿನ, ಲಸಿಕೆಯ ಹೆಸರು ಬರೆಸಿಕೊಳ್ಳಿ. ಮುಂದಿನ ಡಾಕ್ಟರು ಮೊದಲು ಕೇಳುವುದೇ ಅದನ್ನು.

ಲಸಿಕೆ ಹಾಕಿಸಿದರೆ ಮುಗಿಯಲಿಲ್ಲ. ಗುಲ್ಮ ಇಲ್ಲದವರಿಗೆ ಬರುವ ಆ ಸೋಂಕು ಅಪರೂಪ, ಆದರೆ ಬಂದರೆ ಅದರ ಓಟ ಬೇರೆಯೇ. ಬೆಳಗ್ಗೆ ಚಳಿ, ಮೈಕೈ ನೋವು, ಸಾಮಾನ್ಯ ಜ್ವರದ ಹಾಗೆ. ರಾತ್ರಿಗೆ ಬಿಪಿ ಇರುವುದಿಲ್ಲ. ಬಂದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ಮೊದಲ ಎರಡು ಮೂರು ವರ್ಷ ಅಪಾಯ ಜಾಸ್ತಿ, ಆದರೆ ಜೀವಮಾನ ಪೂರ್ತಿ ಇದ್ದೇ ಇರುತ್ತದೆ. ಅದಕ್ಕೇ ಜ್ವರ ಬಂದರೆ ಪ್ಯಾರಸಿಟಮಾಲ್ ನುಂಗಿ ಬೆಳಗಾಗಲಿ ಅನ್ನುವ ಹಾಗಿಲ್ಲ. ನಿಮ್ಮೂರಿಂದ ಆಸ್ಪತ್ರೆ ಒಂದೂವರೆ ಗಂಟೆ ದೂರ ಅಂದಿರಿ. ಹಾಗಿದ್ದರೆ ಮನೆಯಲ್ಲೇ ಇಟ್ಟುಕೊಂಡು, ಜ್ವರ ಶುರುವಾದ ಕೂಡಲೇ ಮೊದಲ ಡೋಸ್ ನುಂಗಿ ಹೊರಡುವ ಹಾಗೆ ಒಂದು ಆಂಟಿಬಯೋಟಿಕ್ ಬರೆಸಿಕೊಳ್ಳಿ. ಯಾವುದು, ಎಷ್ಟು, ದಿನಾ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಸರ್ಜನ್ ತೀರ್ಮಾನಿಸಲಿ.

ಪ್ಲೇಟ್‌ಲೆಟ್‌ಗೆ ಹೆದರಬೇಡಿ. ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಮೂರನೇ ಒಂದು ಪಾಲು ಗುಲ್ಮದಲ್ಲಿ ಕೂತಿರುತ್ತವೆ. ಉಗ್ರಾಣ ಹೋಯಿತು, ಎಲ್ಲವೂ ಬೀದಿಗೆ ಬಂದವು. ಎರಡು ಮೂರು ವಾರ ಏರಿ ಆಮೇಲೆ ಇಳಿಯುತ್ತದೆ. 10 ಲಕ್ಷ ದಾಟಿದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡುವುದುಂಟು. ಹೊಸದಾಗಿ ಹೊಟ್ಟೆನೋವು ಬಂದರೆ, ಕಾಲು ಊದಿದರೆ ಮಾತ್ರ ತಕ್ಷಣ ತೋರಿಸಿ.

ಇನ್ನೆರಡು ಚಿಲ್ಲರೆ ವಿಷಯ. ಮಲೇರಿಯಾ ಇರುವ ಕಡೆ ಹೋದರೆ ಸೊಳ್ಳೆಪರದೆ ತಪ್ಪದೆ ಕಟ್ಟಲಿ, ಗುಲ್ಮ ಇಲ್ಲದವರಿಗೆ ಅದು ಜೋರಾಗಿ ಬರಬಹುದು. ನಾಯಿ ಕಚ್ಚಿದರೆ ರೇಬಿಸ್ ಇಂಜೆಕ್ಷನ್ ಜೊತೆಗೆ ಆಂಟಿಬಯೋಟಿಕ್ಕೂ ಬೇಕು. ನಾಯಿಯ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ನಮ್ಮನಿಮ್ಮಂಥವರಿಗೆ ಅಷ್ಟಾಗಿ ಏನೂ ಮಾಡದು, ಇಂಥವರಿಗೆ ಮಾಡುತ್ತದೆ.


ನೈಟ್ ಡ್ಯೂಟಿ
ಬುಧವಾರ ಬೆಳಗ್ಗೆ 9:30

ಒಂದು ಸೇರಿಸಲಾ ಸರ್? ಪರ್ಸಿನಲ್ಲಿ ಒಂದು ಚೀಟಿ ಇಡಿ. ‘ನನಗೆ ಗುಲ್ಮ ಇಲ್ಲ’ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಎಚ್ಚರ ತಪ್ಪಿ ಬಂದವರು ಬಾಯಿಬಿಟ್ಟು ಹೇಳಲಾರರು. ಹೊಟ್ಟೆ ಮೇಲಿನ ಗುರುತು ನೋಡಿ ಯಾವ ಆಪರೇಷನ್ ಅಂತ ನಾವು ಊಹೆ ಮಾಡುತ್ತಾ ಕೂರಬೇಕು.


ಮಿಶಿಗನ್ ಮಾವ
ಬುಧವಾರ ಬೆಳಗ್ಗೆ 10:15

ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯವರೇ ಅಂಥ ಕಾರ್ಡ್ ಕೊಡುತ್ತಾರೆ. ಅಲ್ಲಿರುವ ನನ್ನ ಭಾವಮೈದುನನ ಹತ್ತಿರ ಇದೆ.


ತೋಟದಮನೆ
ಭಾನುವಾರ ಸಂಜೆ 7:20

ಎಲ್ಲರಿಗೂ, ಮುಖ್ಯವಾಗಿ ಡಾಕ್ಟರಿಗೂ ಸಿಸ್ಟರ್‌ಗೂ ಕೈ ಮುಗಿಯುತ್ತೇನೆ. ಗುರುವಾರ ಆಸ್ಪತ್ರೆಗೆ ಹೋಗಿದ್ದೆವು. ಚೀಟಿಯಲ್ಲಿ ಬರೆದುಕೊಂಡು ಹೋದದ್ದು ನೋಡಿ ಸರ್ಜನ್, ಇಷ್ಟೆಲ್ಲ ಯಾರು ಹೇಳಿದರು ಅಂದರು. ಒಬ್ಬರು ನಿವೃತ್ತ ಡಾಕ್ಟರು ಅಂದೆ. ಮೂರು ಲಸಿಕೆ ಆ ದಿನವೇ ಆಯ್ತು, ಎಡಗೈಗೆ ಎರಡು, ಬಲಗೈಗೆ ಒಂದು. ಫ್ಲೂದು ಮುಂದಿನ ವಾರ. ಆಂಟಿಬಯೋಟಿಕ್ ಬರೆಸಿಕೊಂಡೆವು. ಅದು ಈಗ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ, ಅಮ್ಮನಿಗೂ ಹೇಳಿಟ್ಟಿದ್ದೇನೆ. ಪ್ಲೇಟ್‌ಲೆಟ್ 8 ಲಕ್ಷ ಆಗಿದೆ, ಇನ್ನೆರಡು ವಾರ ಬಿಟ್ಟು ಮತ್ತೆ ನೋಡೋಣ ಅಂದರು. ಭಾರ ಎತ್ತುವುದು, ಬೈಕು ಸದ್ಯಕ್ಕೆ ಬೇಡ.

ಆ ಮೊದಲ ಕ್ಲಿನಿಕ್ಕಿಗೆ ಹೋಗಿ ಜಗಳ ಆಡಬೇಕು ಅಂತಿದ್ದೆ. ಇಲ್ಲಿನ ಹಳೇ ಸ್ಟೆತ್ ಡಾಕ್ಟರನ್ನು ಖಾಸಗಿಯಾಗಿ ಕೇಳಿದೆ. ಎಕ್ಸ್‌ರೇಯಲ್ಲಿ ಗುಲ್ಮ ಹರಿದದ್ದು ಕಾಣುವುದಿಲ್ಲ, ಆ ದಿನ ಸ್ಕ್ಯಾನ್ ಮಾಡಿದ್ದರೂ ಕಾಣದೇ ಇರಬಹುದಿತ್ತು ಅಂದರು. ಹೆಗಲು ನೋವು ಬಂದರೆ, ತಲೆ ತಿರುಗಿದರೆ ಓಡಿ ಬಾ ಅಂತ ಒಂದು ಮಾತು ಹೇಳಿ ಕಳಿಸಬೇಕಿತ್ತು, ಅವರ ತಪ್ಪು ಅಷ್ಟು ಅಂದರು. ಹೋಗಿ ಅದನ್ನಷ್ಟೇ ಹೇಳಿ ಬಂದೆ. ಅವರು ಸುಮ್ಮನೆ ಕೇಳಿಸಿಕೊಂಡರು.

ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಿ ತಮ್ಮನ ಡ್ರೈವಿಂಗ್ ಲೈಸೆನ್ಸ್ ಹಿಂದೆ ಇಟ್ಟಿದ್ದೇವೆ. ನಾಯಿ ಕಚ್ಚುವ ವಿಷಯ ಓದಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಹೊಲಿಗೆ ನೋವು ಅಂತ ಬೈದ. ಆ ನಾಯಿ ಈಗಲೂ ಅದೇ ತಿರುವಿನಲ್ಲಿ ಜಲ್ಲಿ ಮೇಲೆ ಮಲಗಿರುತ್ತದೆ. ಡೈರಿಗೆ ಹಾಲು ಹಾಕುವುದಕ್ಕೆ ಈಗ ನಾನೇ ಹೋಗುತ್ತಿದ್ದೇನೆ, ಅಲ್ಲಿ ಬಂದಾಗ ಇಳಿದು ಗಾಡಿ ತಳ್ಳಿಕೊಂಡು ದಾಟುತ್ತೇನೆ.